ಚರ್ಚಿನ ಮೈಕಿನಲ್ಲಿ ತಮ್ಮನ ಹೆಸರು

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಒಂದು ಶುಕ್ರವಾರ ಬೈಲಹೊಂಗಲದ ಚರ್ಚಿನಲ್ಲಿ ಕೆಟ್ಟ ಮೈಕು ರಿಪೇರಿ ಮಾಡುತ್ತಿದ್ದೆ. ಶಾಂತಿಗಾಗಿ ಪ್ರಾರ್ಥಿಸಲು ಜನ ಸೇರಿದ್ದರು. ಅದಕ್ಕೂ ಮೊದಲು, ಯಾರ ಮೇಲೆ ಸಿಟ್ಟಿದೆಯೋ ಅವರ ಹೆಸರು ಹೇಳುವುದು ಅಲ್ಲಿಯ ರೂಢಿ. ಮುಂದಿನ ಬೆಂಚಿನ ಅಜ್ಜಿ ನನ್ನನ್ನೂ ಬಿಡಲಿಲ್ಲ.

“ನೀನೂ ಒಂದು ಹೆಸರು ಹೇಳಪಾ.”

“ನಾ ನಿಮ್ಮ ಪೈಕಿ ಅಲ್ರಿ.”

“ಯಾಕ, ನಿಮ್ಮ ಪೈಕಿ ಯಾರೂ ಸಿಟ್ಟಿಗೇಳೂದಿಲ್ಲೇನ?”

ಮೈಕು ಕೈಯಲ್ಲಿ ಹಿಡಿದೇ ನಾನು ಗೊಣಗಿದೆ: “ನನ್ನ ತಮ್ಮ ಶಿವಾನಂದ. ಎರಡು ವರ್ಷ ಆತು, ಮಾತಿಲ್ಲ.”

ಮೈಕು ಅಷ್ಟರಲ್ಲಿ ಸರಿಯಾಗಿತ್ತು. ಹೊರಗಿನ ಸ್ಪೀಕರು ನನ್ನ ಮಾತನ್ನು ಇಡೀ ಪೇಟೆಗೆ ಸಾರಿತು. ಫಾದರ್ ನಗದೆ ಶಿವಾನಂದನ ಹೆಸರನ್ನೂ ಪ್ರಾರ್ಥನೆಗೆ ಸೇರಿಸಿದರು.

ಸಂಜೆ ಫೋನ್ ಬಂತು. “ಅಣ್ಣಾ, ಊರ ಮುಂದ ನನ್ನ ಮರ್ಯಾದಿ ಯಾಕ ತಗದಿ?”

ಎರಡು ವರ್ಷದ ಮಾತನ್ನೆಲ್ಲ ಸೇರಿಸಿ ಅರ್ಧ ತಾಸು ಬೈದ. ನಾನು ಫೋನಿನ ಸ್ಪೀಕರ್ ಹಾಕಿ ಹೆಂಡತಿಗೂ ಕೇಳಿಸಿದೆ.