ಪಟ್ಟೆ ಸೆರಗಿನ ಮೇಲಿಂದ ಹಿಡಿದ ನಾಡಿ

ಇಂದಿರಾ, ನಿನ್ನ ಹೆರಿಗೆಯ ದಿನ ನಿನ್ನ ನಾಡಿ ನನ್ನ ಬೆರಳಿಗೆ ಸಿಕ್ಕಿರಲಿಲ್ಲ. ಸಿಕ್ಕಿದೆ ಎಂದು ಡಾಕ್ಟರಿಗೆ ಹೇಳಿದೆ. ಅದು ಸುಳ್ಳು.

ಅಂದು ದ್ವಾದಶಿ. ಸವಣೂರಿನ ನಮ್ಮ ಮನೆಯಲ್ಲಿ ನಾನು ರೇಷ್ಮೆಯ ಪಟ್ಟೆ ಸೀರೆಯ ಮಡಿಯಲ್ಲಿ ಪಾರಣೆಗೆ ಅಗಸೆ ಸೊಪ್ಪು ಸೋಸುತ್ತಿದ್ದೆ. ನಿನ್ನ ಯಜಮಾನರು ಓಡುತ್ತ ಬಂದರು. "ಗಂಡು ಹುಟ್ಯಾನ ರೀ ಅಕ್ಕಾರ, ಆದರ ಆಕಿಗೆ ರಕ್ತ ನಿಲ್ಲವಲ್ತು." ಅಮ್ಮನಿಲ್ಲದ ತಂಗಿ, ಬಾಣಂತನಕ್ಕೆ ನನ್ನಲ್ಲಿಗೆ ಬಂದವಳು—ನಾನು ಹೋಗದೆ ಇನ್ನಾರು ಹೋಗಬೇಕು? ಆದರೆ ನನ್ನ ಅತ್ತೆಯವರು ಬಾಗಿಲಲ್ಲೇ ನಿಂತಿದ್ದರು.

"ಹಡೆದಾಕಿನ್ನ ಮುಟ್ಟಿದಿ ಅಂದ್ರ ಮತ್ತ ಸ್ನಾನ, ಮತ್ತ ಅಡಗಿ. ನಿನ್ನೆಯಿಂದ ಹನಿ ನೀರು ಕುಡಿದಿಲ್ಲ ನಾನು. ಪಾರಣಿ ಹೊತ್ತು ನಿನಗ ಕಾಯ್ತದೇನು?"

ಮುಟ್ಟುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟು, ಉಟ್ಟ ಮಡಿಯಲ್ಲೇ ಬಂದೆ. ಆಸ್ಪತ್ರೆಯಲ್ಲಿ ನಿನಗೆ ಮತ್ತು ಬರುವ ಮದ್ದು ಕೊಟ್ಟಿದ್ದರು. ಕಂಪೌಂಡರ್ ರಬ್ಬರಿನ ಚೀಲ ಒತ್ತಿ ಒತ್ತಿ ಉಸಿರು ತುಂಬುತ್ತಿದ್ದ. ಡಾಕ್ಟರ ಎರಡೂ ಕೈ ರಕ್ತದಲ್ಲಿದ್ದವು. ತಲೆಯೆತ್ತದೆ ನನಗೆ ಹೇಳಿದರು: "ಬಾಯಾರ, ಆಕಿ ನಾಡಿ ಹಿಡ್ಕೊಂಡು ಕೂಡ್ರಿ. ಉಸಿರಿನ ಜೋಡಿ ಅದು ಒಂಚೂರು ಜೋರು, ಒಂಚೂರು ನಿಧಾನ ಆಗತಿರಬೇಕು. ಗಡಬಡಿಸಿ ಒಂದೇ ಸಮ ಓಡಾಕತ್ತಿತು ಅಂದ್ರ ಮೈಯಾಗ ರಕ್ತ ಸಾಲವಲ್ತು ಅಂತ ತಿಳೀರಿ. ಲಗೂನ ಕೂಗ್ರಿ."

ಪಟ್ಟೆಗೆ ಮೈಲಿಗೆ ತಟ್ಟದೆಂಬ ನಂಬಿಕೆ ನಮ್ಮದು. ಸೆರಗನ್ನು ಎರಡು ಸುತ್ತು ಬೆರಳಿಗೆ ಸುತ್ತಿ ನಿನ್ನ ಮಣಿಕಟ್ಟು ಹಿಡಿದೆ. ಏನೋ ಬಡಿಯುತ್ತಿತ್ತು, ಏರಿಳಿಯುತ್ತಲೂ ಇತ್ತು. ಅದು ನನ್ನದೇ ಬೆರಳಿನ ಬಡಿತವೇನೋ ಎಂಬ ಅನುಮಾನ ಆಗಲೇ ಬಂತು—ಬಂದಿತ್ತು, ಇಂದಿರಾ. ಸೆರಗು ಸರಿಸಿದ್ದರೆ ತಿಳಿಯುತ್ತಿತ್ತು.

"ಹೆಂಗೈತ್ರಿ?"

"ಹೆಚ್ಚುಕಡಿಮಿ ಆಗ್ಲಿಕ್ಕತ್ತದ ರೀ. ಬರೋಬ್ಬರಿ ಅದ."

ಮೂರು ಸಲ ಕೇಳಿದರು. ಮೂರು ಸಲವೂ ಹಾಗೇ ಹೇಳಿದೆ. ಕೊನೆಗೆ ನಿನ್ನ ತುಟಿಯ ಬಣ್ಣ ನೋಡಿ ಡಾಕ್ಟರೇ ಕೈ ಒರೆಸಿಕೊಂಡು ಮಣಿಕಟ್ಟು ಹಿಡಿದರು. "ಒಂದೇ ಸಮ ಓಡಾಕತ್ತೈತಲ್ರಿ! ಎಷ್ಟೊತ್ತಾತು ಹಿಂಗ?" ನಾನು ಬೆರಳಿನ ಸೆರಗು ಬಿಚ್ಚಿಕೊಂಡು ಹಿಂದೆ ಸರಿದೆ. ಆಮೇಲೆ ನಿನ್ನ ಯಜಮಾನರ ರಕ್ತ ತೆಗೆದು ನಿನಗೆ ಏರಿಸಿದರು.

ನೀನು ಉಳಿದೆ, ಮಗು ಉಳಿಯಿತು. ಭಗವಂತನಿಗೆ ಅಷ್ಟಕ್ಕೇ ಕೈಮುಗಿದು ಸುಮ್ಮನಾದೆ. ಆದರೆ ನಿನಗೆ ಎದೆಹಾಲು ಬರಲಿಲ್ಲ. ಮುಟ್ಟು ನಿಂತಿತು. ಬಿಸಿಲಲ್ಲೂ ಚಳಿ ಎಂದು ನೀನು ಶಾಲು ಹೊದೆಯುತ್ತಿದ್ದೆ. ಹಿರೇಕೆರೂರಿನ ನಿಮ್ಮ ಮನೆಯಲ್ಲಿ ನಿನ್ನ ಅತ್ತೆ ನನ್ನ ಮುಂದೆಯೇ, "ಆಕಳಾದರೂ ಕರುವಿಗೆ ಕುಡಿಸ್ತದ, ಇಕಿ ನೋಡ್ರಿ," ಎಂದಾಗ ನೀನು ನನ್ನ ಮುಖ ನೋಡಿದೆ. ನಾನು ತಟ್ಟೆಯಲ್ಲಿದ್ದ ಅವಲಕ್ಕಿ ತಿಂದೆ.

ಹೋದ ವಾರ ಹುಬ್ಬಳ್ಳಿಯ ಡಾಕ್ಟರು ಹೇಳಿದ್ದನ್ನು ನೀನು ಬರೆದಿದ್ದೀಯ—ಅಂದು ರಕ್ತ ಬಹಳ ಹೋಗಿ, ತಲೆಯೊಳಗಿನ ಯಾವುದೋ ಗ್ರಂಥಿ ಸೊರಗಿದೆ ಎಂದು. "ನನ್ನ ಹಣೆಬರಹ ಅಕ್ಕಾ, ನೀನು ಕೈ ಹಿಡಕೊಂಡು ಕುಂತಿದ್ದಕ್ಕ ಇಷ್ಟರ ಉಳದೇನಿ," ಎಂದೂ ಬರೆದಿದ್ದೀಯ.

ಹಣೆಬರಹವಲ್ಲ. ಬೇಗ ಕೂಗಿದ್ದರೆ ಇದೆಲ್ಲ ತಪ್ಪುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಕೂಗಲಿಲ್ಲ ಎಂಬುದು ಗೊತ್ತು.

ಈ ಕಾಗದವನ್ನು ಟಪಾಲಿಗೆ ಹಾಕುವುದಿಲ್ಲ. ನಾಳೆ ಮೊದಲ ಬಸ್ಸಿಗೆ ನಾನೇ ತರುತ್ತೇನೆ. ನಿನ್ನ ಅತ್ತೆಯವರೂ ಇರಲಿ, ಅವರ ಎದುರಿಗೇ ಓದು. ಓದಿದ ಮೇಲೆ ನೀನು ಎದ್ದು ಹೋಗು ಎಂದರೆ ಎದ್ದು ಬರುತ್ತೇನೆ.

ಮಾಳಿಗೆಯ ಮೇಲೆ ಸಂಡಿಗೆ ಇಟ್ಟಿದ್ದೇನೆ. ಬಿಸಿಲು ಇಳಿಯುವ ಮೊದಲು ತಿರುವಿ ಹಾಕಬೇಕು.