ಕಡವೆಯ ಕಿವಿ

ಮೋಟಾರು ಬಂದು ಕುದುರೆ ಜೀನಿನ ಕೆಲಸ ಕಡಿಮೆಯಾದ ಮೇಲೆ, ಯಲ್ಲಾಪುರ ಪೇಟೆಯಲ್ಲಿ ಚರ್ಮದ ಕೆಲಸದ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರು ಬೇಟೆಗಾರರಿಗೆ ಸೊಂಟಪಟ್ಟಿ, ಕಾಡತೂಸಿನ ಚೀಲ ಹೊಲಿಯತೊಡಗಿದ್ದರು. ಅಳತೆಯ ಟೇಪು ಅವರ ಕೊರಳಲ್ಲೇ ಇರುತ್ತಿತ್ತು. ಬಳಸಿದ್ದನ್ನು ನಾನು ಕಂಡಿಲ್ಲ. ಕಾಡತೂಸು ತುಂಬಿದ ಚೀಲವನ್ನು ಗಿರಾಕಿಯ ಸೊಂಟಕ್ಕೆ ಕಟ್ಟಿ, ತಾವು ಕಣ್ಣು ಮುಚ್ಚಿ, ಸದ್ದಿಗೆ ಕಿವಿಗೊಟ್ಟು ಕೂತು, “ನಾ ಈಗ ಕಡವಿ, ನೀವು ನಡೀರಿ” ಎನ್ನುತ್ತಿದ್ದರು.

ಗದ್ದೆಗೆ ನುಗ್ಗುವ ಕಡವೆಗಳ ಕಾಟಕ್ಕೆಂದು ನನಗೆ ಕೋವಿಯ ಪರವಾನಗಿ ಸಿಕ್ಕ ವರ್ಷ, ಅವರಲ್ಲಿದ್ದ ಹಿತ್ತಾಳೆ ಗುಂಡಿಯ ದೊಡ್ಡ ಚೀಲಕ್ಕೆ ಮನಸೋತೆ. ಕಟ್ಟಿಕೊಂಡು ಎರಡು ಹೆಜ್ಜೆ ಇಟ್ಟೆನೋ ಇಲ್ಲವೋ, ಕಾಡತೂಸುಗಳು ಒಂದಕ್ಕೊಂದು ತಾಗಿ ಟಿಕ್ಕೆಂದವು.

“ಕಡವಿ ಓಡ್ತು,” ಎಂದರು ಸಾಹೇಬರು.

“ಆದ್ರೂ ಚಂದ ಅದೆ ಮಾರಾಯ್ರೆ.”

“ಹಂಗಾರ ಮದಿವಿಗೆ ಕಟ್ಕೊಂಡು ಹೋಗ್ರಿ.”

ಎರಡನೆಯ ಚೀಲದ ಚರ್ಮ ಕಿರುಗುಟ್ಟಿತು. ಕಡವೆ ಮತ್ತೆ ಓಡಿತು. ನನಗೆ ಸಿಟ್ಟು ಬಂತು. ಒಳಗೆ ಕಂಬಳಿಯ ಅಸ್ತರು ಕೊಟ್ಟಿದ್ದ, ನೋಡಲು ಏನೇನೂ ಸೊಗಸಿಲ್ಲದ ಮೂರನೆಯದನ್ನು ಕಟ್ಟಿಕೊಂಡು ಅಂಗಡಿಯ ಉದ್ದಕ್ಕೂ ನಡೆದೆ. ಸಾಹೇಬರು ಕಣ್ಣು ಮುಚ್ಚಿಯೇ ಕಾಯುತ್ತಿದ್ದರು. ಹಿಂದಿನಿಂದ ಹೋಗಿ ಹೆಗಲ ಮೇಲೆ ಕೈಯಿಟ್ಟೆ. ಬೆಚ್ಚಿಬಿದ್ದರು.

“ನಾ ಸತ್ತೆ,” ಎಂದು ನಕ್ಕರು. “ಇದನ್ನ ತಗೊಂಡ್ಹೋಗ್ರಿ.”