ರೆಪ್ಪೆ ನೋಡಿ ಹುಳ ಹೇಳುವ ದೊಡ್ಡಮ್ಮ

"ಅಮ್ಮಾ, ನಾನೇನು ಮೇಕೆನಾ? ಪಕ್ಕದ ಮನೆ ಅಜ್ಜಿ ಯಾಕೆ ನನ್ನ ಕಣ್ಣು ಎಳೆದು ನೋಡ್ತಾರೆ?"

ಮಗಳು ಕೇಳಿದ್ದರಲ್ಲಿ ತಪ್ಪಿಲ್ಲ. ನಾನು ದೊಡ್ಡಮ್ಮ ಎಂದು ಕರೆಯುವ ಈ ಅಜ್ಜಿಗೆ ಯಾರು ಎದುರಾದರೂ ಮೊದಲು ಕೆಳರೆಪ್ಪೆ ಎಳೆದು ನೋಡುವ ಚಾಳಿ. ಅಂಚೆಯವನನ್ನೂ ಬಿಟ್ಟಿಲ್ಲ.

ಹದಿನೇಳು ಮೇಕೆ ಸಾಕಿದ್ದಾರೆ. ಹೊಟ್ಟೆಯ ಹುಳ ರಕ್ತ ಹೀರಿದರೆ ಮೇಕೆಯ ರೆಪ್ಪೆಯೊಳಗೆ ಬಣ್ಣ ಇಳಿಯುತ್ತದೆ. ಕೆಂಪಗಿದ್ದರೆ ಏನೂ ಬೇಡ. ತಿಳಿಗುಲಾಬಿಯಾದರೆ ಕುಂಬಳದ ಬೀಜ, ಬೆಳ್ಳುಳ್ಳಿ, ಹಿತ್ತಲಿನ ಮಾಚಿಪತ್ರೆ ಅರೆದ ಉಂಡೆ. ಬಿಳಿಚಿದ್ದರೆ "ಇದು ನನ್ನ ಸೊಪ್ಪಿಗೆ ಬಗ್ಗಲ್ಲ" ಎಂದು ನೇರ ದನದ ಡಾಕ್ಟರ ಬಳಿಗೆ. ಬೀದಿಯವರೆಲ್ಲ ಕುರಿಮೇಕೆ ಹಿಡಿದು ಇವರ ಅಂಗಳಕ್ಕೇ ಬರುತ್ತಾರೆ. ಉಂಡೆ ಉಗಿಯುವ ಮೇಕೆಗೆ, "ನಿಮ್ಮಮ್ಮನೂ ಹೀಗೇ ಉಗೀತಿದ್ಲು ಕಣೇ, ಕೊನೆಗೆ ನುಂಗಲಿಲ್ವಾ?" ಎಂದು ವಂಶಾವಳಿ ಒಪ್ಪಿಸುತ್ತಾರೆ.

ನಿನ್ನೆ ಮಗಳ ಜೊತೆ ಹಾಲಿಗೆ ಹೋದಾಗ ಅವರ ಮುದ್ದಿನ ಮೇಕೆ ಜಂಬಗಾತಿ ಕೊಟ್ಟಿಗೆಯ ಮೂಲೆಯಲ್ಲಿ ಮುದುರಿ ಮಲಗಿತ್ತು. ಗದ್ದದ ಕೆಳಗೆ ಊತ.

"ತಿಳಿಗುಲಾಬಿ ಅಷ್ಟೇ. ಮೂರು ದಿನದಿಂದ ಉಂಡೆ ಕೊಡ್ತಿದೀನಿ, ಸೋಮಾರಿ ಏಳ್ತಾನೇ ಇಲ್ಲ."

ಬಗ್ಗಿ ರೆಪ್ಪೆ ಎಳೆದೆ. ಒಳಗೆ ಸುಣ್ಣ ಬಳಿದ ಗೋಡೆ.

"ದೊಡ್ಡಮ್ಮ, ಇದು ಬಿಳಿ."

"ಮೊನ್ನೆ ಮೊನ್ನೆ ಈ ಬೀದಿಗೆ ಬಂದವಳು, ನನಗೇ ಹೇಳ್ತೀಯಾ? ನಿನ್ನ ಮಗಳ ಫ್ರಾಕ್ ಥರಾನೇ ಇದೆ, ನೋಡು, ತಿಳಿಗುಲಾಬಿ!"

"ಅಜ್ಜಿ, ನನ್ನ ಫ್ರಾಕ್ ಬಿಳೀದು," ಅಂದಳು ಮಗಳು.

ದೊಡ್ಡಮ್ಮ ಫ್ರಾಕಿನ ಅಂಚನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದರು. ಮರುಗಳಿಗೆಯಲ್ಲೇ ಚಪ್ಪಲಿಯನ್ನೂ ಹಾಕದೆ ಹೊರಟರು. ಜಂಬಗಾತಿಯ ಮುಂಗಾಲು ಅವರ ಕೈಲಿ, ಹಿಂಗಾಲು ನನ್ನ ಕೈಲಿ, ಹಾಲಿನ ಪಾತ್ರೆ ಮಗಳ ತಲೆ ಮೇಲೆ. ಡಾಕ್ಟರು ಔಷಧಿ ಕುಡಿಸಿ, ಸೂಜಿ ಚುಚ್ಚಿ, "ಇನ್ನೊಂದು ದಿನ ತಡವಾಗಿದ್ರೆ ಕಷ್ಟ ಇತ್ತು," ಎಂದರು. ಆಮೇಲೆ ಫ್ರಾಕಿನ ಕಥೆ ಕೇಳಿ ದೊಡ್ಡಮ್ಮನ ಕಣ್ಣಿಗೂ ಟಾರ್ಚ್ ಬಿಟ್ಟು, "ಇಲ್ಲಿ ಪೊರೆ ಬಂದಿದೆ, ಕಣ್ಣಾಸ್ಪತ್ರೆಗೆ ಹೋಗಿ," ಎಂದರು. ರೆಪ್ಪೆ ಎಳೆಸಿಕೊಂಡ ದೊಡ್ಡಮ್ಮ ಮೇಕೆಗಿಂತ ಜಾಸ್ತಿ ಒದ್ದಾಡಿದರು.

ಇವತ್ತು ಜಂಬಗಾತಿ ಎದ್ದು ನಿಂತು ನನ್ನ ಚೀಲದ ಹಿಡಿ ಮೆಲ್ಲುತ್ತಿತ್ತು. ದೊಡ್ಡಮ್ಮ ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಎಳೆದೊಯ್ದು ಪಿಸುಗುಟ್ಟಿದರು:

"ಬೀದಿಗೆ ಗೊತ್ತಾದ್ರೆ ಯಾರೂ ಇತ್ತ ತಲೆ ಹಾಕಲ್ಲ ಕಣೇ. ಆಪರೇಷನ್ ಆಗೋವರೆಗೂ ದಿನಾ ಬೆಳಿಗ್ಗೆ ಬಾ. ಬಣ್ಣ ನೋಡಿ ನನ್ನ ಕಿವೀಲಿ ಹೇಳು. ಜೋರಾಗಿ ಹೇಳೋ ಕೆಲಸ ಮಾತ್ರ ನಂಗೆ ಬಿಡು."